ತೂಬು ತೆರೆಯಿತು, ನೀರು ಬಂತೆ?

ಸಿಂಧನೂರಿನ ಗೊಬ್ಬರದ ಅಂಗಡಿಯವರೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದರು. ಅವರ ಮಗ ಅಂಗಡಿಯ ಲೆಕ್ಕಕ್ಕೆಂದು ತಾನೇ ಒಂದು ವೆಬ್ ಆ್ಯಪ್ ಕಟ್ಟಿದ್ದಾನೆ. ಯೂರಿಯಾ ಎಷ್ಟು ಚೀಲ ಬಂತು, ಡಿಎಪಿ ಎಷ್ಟು ಹೋಯಿತು, ಯಾರ ಉದ್ದರಿ ಎಷ್ಟು ಬಾಕಿ ಎಂಬುದೆಲ್ಲ ಫೋನಿನಲ್ಲೇ ಸಿಗುತ್ತದೆ. ಅವರಿಗೆ ಇನ್ನು ಬೇಕಾದದ್ದು ಒಂದೇ. ದಿನಾ ಬೆಳಿಗ್ಗೆ ಆರಕ್ಕೆ ಸ್ಟಾಕಿನ ಪಟ್ಟಿ ಯಾರೂ ಗುಂಡಿ ಒತ್ತದೆ ತಾನಾಗಿ ಫೋನಿಗೆ ಬಂದು ಬೀಳಬೇಕು. "ಹುಡುಗ ಮೂರು ಥರ ಹೇಳ್ತಾನ. ಯಾವುದು ಖರೆ ನೀವ ಹೇಳ್ರಿ" ಎಂದಿದ್ದರು. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನಗೆ ವರ್ಷವಿಡೀ ಬರುತ್ತಿರುತ್ತದೆ. ಲಿಂಗಸುಗೂರಿನ ಕಾಲೇಜು ಹುಡುಗಿಗೆ ಪ್ರಾಜೆಕ್ಟಿನಲ್ಲಿ ಲೈಬ್ರರಿ ಪುಸ್ತಕದ ಗಡುವು ನೆನಪಿಸಬೇಕು. ಮಸ್ಕಿಯ ಕಂಪ್ಯೂಟರ್ ಸೆಂಟರಿನವರಿಗೆ ರಾತ್ರಿ ಬ್ಯಾಕಪ್ ಆಗಬೇಕು. ನಾನು ಒಂದು ಸಾಲಿನ ಉತ್ತರ ಕಳಿಸುತ್ತೇನೆ. ಅವರು ಧನ್ಯವಾದ ಹೇಳುತ್ತಾರೆ. ಮೂರ್ನಾಲ್ಕು ತಿಂಗಳಾದ ಮೇಲೆ ಅದೇ ವಿಳಾಸದಿಂದ ಎರಡನೆಯ ಪತ್ರ ಬರುತ್ತದೆ: "ಹಾಕಿದ್ದೆ ಸರ್, ಚೆನ್ನಾಗಿ ನಡೀತಿತ್ತು. ಈಗ ನಿಂತಿದೆ. ಯಾವಾಗ ನಿಂತಿತೋ ಗೊತ್ತಿಲ್ಲ." ಇವತ್ತಿನ ಅಂಕಣ ಈ ಎರಡನೆಯ ಪತ್ರದ ಬಗ್ಗೆ.

ವೆಬ್ ಆ್ಯಪ್ ಎಂಬುದಕ್ಕೆ ಇಂಥದ್ದೊಂದು ಕೆಲಸ ಯಾಕೆ ಕಷ್ಟ ಎನ್ನುವುದು ಮೊದಲು ತಿಳಿಯಬೇಕು. ಮುದಗಲ್ ಬಸ್ ನಿಲ್ದಾಣದ ಬಳಿಯ ಹೋಟೆಲ್ ನೆನಪಿಸಿಕೊಳ್ಳಿ. ಗಿರಾಕಿ ಬಂದು "ಒಂದು ಮಂಡಾಳ ಒಗ್ಗರಣಿ, ಎರಡು ಮಿರ್ಚಿ" ಎಂದಾಗಲೇ ಒಳಗೆ ಬಾಣಲಿ ಒಲೆ ಏರುತ್ತದೆ. ಯಾರೂ ಬರದಿದ್ದರೆ ಹುಡುಗ ಗಲ್ಲಾದ ಪಕ್ಕ ತೂಕಡಿಸುತ್ತಾನೆ. ವೆಬ್ ಆ್ಯಪ್‌ನದೂ ಇದೇ ಸ್ವಭಾವ. ಯಾರಾದರೂ ಪುಟ ತೆರೆದರೆ ಎದ್ದು ಉತ್ತರ ಕೊಡುತ್ತದೆ, ಕೊಟ್ಟ ಮೇಲೆ ಮತ್ತೆ ಮಲಗುತ್ತದೆ. "ಆರು ಗಂಟೆಗೆ ನೀನೇ ಎದ್ದು ಇದನ್ನು ಮಾಡು" ಎಂದರೆ ಅದಕ್ಕೆ ತಿಳಿಯದು, ಎಬ್ಬಿಸುವವರು ಬೇರೆ ಬೇಕು. ಜಗತ್ತಿನ ಅಸಂಖ್ಯ ತಾಣಗಳು ನಿಂತಿರುವ ವರ್ಡ್‌ಪ್ರೆಸ್ ಇದಕ್ಕೊಂದು ಚತುರ ಉಪಾಯ ಮಾಡಿಕೊಂಡಿದೆ. ಯಾರೇ ಬಂದು ಪುಟ ತೆರೆಯಲಿ, ಅವರಿಗೆ ಉತ್ತರ ಕೊಡುವ ಗಡಿಬಿಡಿಯಲ್ಲೇ "ಮಾಡಬೇಕಾದ ಹಳೇ ಕೆಲಸ ಏನಾದರೂ ಉಳಿದಿದೆಯೇ" ಎಂದು ನೋಡಿಕೊಳ್ಳುತ್ತದೆ. ದಿನಕ್ಕೆ ಸಾವಿರ ಮಂದಿ ಬರುವ ತಾಣಕ್ಕೆ ಇದು ಸಾಕು. ದಿನಕ್ಕೆ ನಾಲ್ಕು ಜನ ಬರುವ ನಮ್ಮೂರ ಶಾಲೆಯ ತಾಣಕ್ಕೆ? ಬೆಳಿಗ್ಗೆ ಆರರ ಕೆಲಸ ಮಧ್ಯಾಹ್ನ ಯಾರೋ ಒಬ್ಬರು ಫಲಿತಾಂಶ ನೋಡಲು ಬಂದಾಗ ಆಗುತ್ತದೆ. ಬೇಸಿಗೆ ರಜೆಯಲ್ಲಿ ಆಗುವುದೇ ಇಲ್ಲ. "ನಡೀತಿತ್ತು, ಈಗ ನಿಂತಿದೆ" ಎಂದು ಬರೆದವರಲ್ಲಿ ಕೆಲವರ ಕಥೆ ಇಷ್ಟೇ. ತಾಣಕ್ಕೆ ಬರುವವರು ಕಡಿಮೆಯಾಗಿದ್ದಾರೆ.

ಎಬ್ಬಿಸುವ ಕೆಲಸಕ್ಕೆ ಲಿನಕ್ಸ್ ಸರ್ವರುಗಳಲ್ಲಿ ಇರುವ ಹಳೆಯ ಆಳಿನ ಹೆಸರು ಕ್ರಾನ್. ಕಾಲ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿ, 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಲೋಕಕ್ಕೆ ಹಬ್ಬಿತು. ಅಂದಿನ ಕ್ರಾನ್ ಮಾಡುತ್ತಿದ್ದದ್ದು ಇಷ್ಟು: ನಿಮಿಷಕ್ಕೊಮ್ಮೆ ಕಣ್ಣು ತೆರೆಯುವುದು, ಪಟ್ಟಿ ನೋಡುವುದು, ಈ ನಿಮಿಷಕ್ಕೆ ಬರೆದ ಕೆಲಸವಿದ್ದರೆ ಶುರು ಮಾಡಿಸುವುದು, ಮತ್ತೆ ಕಣ್ಣು ಮುಚ್ಚುವುದು. ಪಾಲ್ ವಿಕ್ಸಿ ಎಂಬವರು 1987ರಲ್ಲಿ ಬರೆದ ರೂಪವೇ ಮುಂದೆ ಬಹುಪಾಲು ಕಡೆ ನೆಲೆಯೂರಿತು. ಪಟ್ಟಿಯ ಪ್ರತಿ ಸಾಲಿನ ತಲೆಗೆ ಐದು ಮನೆಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಕ್ಷತ್ರ ಹಾಕಿದರೆ "ಯಾವುದಾದರೂ ಸರಿ" ಎಂದರ್ಥ. ಹಾಗಾಗಿ "0 6 * * *" ಎಂದರೆ ದಿನಾ ಬೆಳಿಗ್ಗೆ ಆರು. ಮೊದಲ ಸಲ ನೋಡಿದವರಿಗೆ ಇದು ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರದಂತೆ ಕಾಣುವುದು ಸಹಜ. ಆದರೆ ಬ್ರಾಹ್ಮಿ ಓದಲು ವಿದ್ವಾಂಸರು ಬೇಕು, ಇದಕ್ಕೆ ಹತ್ತು ನಿಮಿಷ ಸಾಕು. ಒಂದು ಕಡೆ ಮಾತ್ರ ಜಾರುತ್ತೀರಿ. "0 9 10 * 1" ಎಂದು ಬರೆದವರು "ಹತ್ತನೇ ತಾರೀಖು ಸೋಮವಾರ ಬಿದ್ದರೆ ಒಂಬತ್ತಕ್ಕೆ" ಎಂದುಕೊಂಡಿರುತ್ತಾರೆ. ಕ್ರಾನ್ ಓದುವುದು "ಪ್ರತಿ ಹತ್ತನೇ ತಾರೀಖು, ಜೊತೆಗೆ ಪ್ರತಿ ಸೋಮವಾರವೂ" ಎಂದು. ತಾರೀಖು, ವಾರ ಎರಡನ್ನೂ ಬರೆದರೆ ಎರಡರಲ್ಲಿ ಒಂದು ಕೂಡಿಬಂದರೂ ಅದಕ್ಕೆ ಸಾಕು. ಬೇರೆಲ್ಲ ಮನೆಗಳಲ್ಲಿ ಎಲ್ಲವೂ ಕೂಡಿಬರಬೇಕು, ಇಲ್ಲಿ ಮಾತ್ರ ಈ ವಿಚಿತ್ರ ಔದಾರ್ಯ.

ಇನ್ನೊಂದು ಗುಂಡಿ ನಾವು ಭಾರತದಲ್ಲಿ ಹುಟ್ಟಿದ ಕಾರಣಕ್ಕೆ ಬೀಳುವಂಥದ್ದು. ಬಾಡಿಗೆಗೆ ಸಿಗುವ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ವಿಶ್ವ ಸಮಯ ತೋರಿಸುತ್ತದೆ. ಆ್ಯಪ್ ಕಟ್ಟಲು ಬಳಸುವ ಲಾರಾವೆಲ್, ಸೆಲರಿ ಮೊದಲಾದ ಸಲಕರಣೆಗಳೂ ನೀವು ಬೇರೆ ಹೇಳುವ ತನಕ ಅದನ್ನೇ ಹಿಡಿದಿರುತ್ತವೆ. ಜಾಂಗೋದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಸೆಟ್ಟಿಂಗ್ಸ್ ಕಡತದಲ್ಲಿ ಅದೇ ಬರೆದುಕೊಂಡು ಬರುತ್ತದೆ. ನಾವು ಅದಕ್ಕಿಂತ ಐದೂವರೆ ತಾಸು ಮುಂದಿದ್ದೇವೆ. ನಡುರಾತ್ರಿಗೆಂದು ಇಟ್ಟ ಕೆಲಸ ನಮ್ಮೂರಲ್ಲಿ ಬೆಳಗಿನ ಐದೂವರೆಗೆ ಆಗುತ್ತದೆ, ಅದರಿಂದ ಯಾರಿಗೂ ಅಷ್ಟು ತೊಂದರೆಯಿಲ್ಲ. ತೊಂದರೆ ಇರುವುದು ತಾರೀಖಿನಲ್ಲಿ. ಪರಿಚಯದ ಹುಡುಗನೊಬ್ಬ ಹಾಲಿನ ಡೇರಿಯೊಂದಕ್ಕೆ ಲೆಕ್ಕ ಬರೆದುಕೊಟ್ಟಿದ್ದ. ಬೆಳಗಿನ ಐದಕ್ಕೆ ಅಳೆದ ಹಾಲು ಹಿಂದಿನ ದಿನದ ಖಾತೆಗೆ, ಐದೂಮುಕ್ಕಾಲಿಗೆ ಅಳೆದದ್ದು ಆ ದಿನದ ಖಾತೆಗೆ ಹೋಗುತ್ತಿತ್ತು. ವಾರಗಟ್ಟಲೆ ಅವನು ತೂಕದ ಯಂತ್ರವನ್ನು ಬೈಯುತ್ತಿದ್ದ. ವಾರದ ಮನೆಯಲ್ಲೂ ಇದೇ ಪಜೀತಿ: ಸೋಮವಾರ ಬೆಳಗಿನ ನಾಲ್ಕಕ್ಕೆ ಬೇಕೆಂದರೆ ವಿಶ್ವ ಸಮಯದಲ್ಲಿ ಅದು ಇನ್ನೂ ಭಾನುವಾರದ ರಾತ್ರಿ ಹತ್ತೂವರೆ. ಒಂದು ಭಾಗ್ಯವೆಂದರೆ ನಮ್ಮ ದೇಶ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವುದಿಲ್ಲ. ತಿರುಗಿಸುವ ದೇಶಗಳಲ್ಲಿ ವರ್ಷಕ್ಕೊಂದು ರಾತ್ರಿ ಒಂದು ತಾಸು ಇರುವುದೇ ಇಲ್ಲ, ಇನ್ನೊಂದು ರಾತ್ರಿ ಒಂದೇ ತಾಸು ಎರಡು ಸಲ ಬರುತ್ತದೆ. ಆ ತಾಸಿಗೆ ಕೆಲಸ ಇಟ್ಟವರ ಪಾಡು ದೇವರಿಗೇ ಪ್ರೀತಿ.

ಈಗ ಗೊಬ್ಬರದ ಅಂಗಡಿಯ ಹುಡುಗನ "ಮೂರು ಥರ". ಒಂದು, ನೇರವಾಗಿ ಕ್ರಾನ್‌ನಲ್ಲಿ ಬರೆಯುವುದು. ಎರಡು, ಆ್ಯಪ್ ಕಟ್ಟಿದ ಫ್ರೇಮ್‌ವರ್ಕಿನ ಒಳಗಿನ ಶೆಡ್ಯೂಲರ್ ಬಳಸುವುದು. ಮೂರು, ಹೊರಗಿನ ಯಾವುದೋ ಸೇವೆ ಹೊತ್ತಿಗೆ ಸರಿಯಾಗಿ ನಮ್ಮ ಪುಟವೊಂದನ್ನು ತಟ್ಟುವಂತೆ ಮಾಡುವುದು. ಮೂರೂ ನಡೆಯುತ್ತವೆ. ನನ್ನ ಒಲವು ಎರಡನೆಯದರ ಕಡೆ, ಯಾಕೆಂದರೆ ವೇಳಾಪಟ್ಟಿಯೂ ಆ್ಯಪ್‌ನ ಉಳಿದ ಕೋಡಿನ ಜೊತೆಯಲ್ಲೇ ಇರುತ್ತದೆ. ಸರ್ವರ್ ಬದಲಾಯಿಸಿದ ದಿನ ಹಳೆಯದರ ಕ್ರಾನ್ ಪಟ್ಟಿಯನ್ನು ನಕಲು ಮಾಡಲು ಮರೆತವರು ನನಗೆ ಎರಡನೆಯ ಪತ್ರ ಬರೆಯುವವರಲ್ಲಿ ದೊಡ್ಡ ಪಂಗಡ. ಲಾರಾವೆಲ್‌ನಲ್ಲಿ ಕ್ರಾನ್‌ಗೆ ಒಂದೇ ಸಾಲು ಕೊಟ್ಟು, ನಿಮಿಷಕ್ಕೊಮ್ಮೆ ಫ್ರೇಮ್‌ವರ್ಕನ್ನು ಎಬ್ಬಿಸಿದರಾಯಿತು. ಯಾವ ಕೆಲಸ ಯಾವಾಗ ಎನ್ನುವುದನ್ನು ಮುಂದೆ ಅದೇ ನೋಡಿಕೊಳ್ಳುತ್ತದೆ. ರೇಲ್ಸ್ ತನ್ನ ಎಂಟನೇ ಆವೃತ್ತಿಯಿಂದ, ಎಂದರೆ 2024ರಿಂದ, ಇಂಥ ಸಾಲು-ಸರದಿಯ ವ್ಯವಸ್ಥೆಯನ್ನು ಪೆಟ್ಟಿಗೆಯಲ್ಲೇ ಇಟ್ಟು ಕೊಡುತ್ತಿದೆ. ಮುಂಬೈಯಲ್ಲಿ ಹುಟ್ಟಿದ ಫ್ರ್ಯಾಪೆಯಲ್ಲಿ "ಗಂಟೆಗೊಮ್ಮೆ, ದಿನಕ್ಕೊಮ್ಮೆ, ವಾರಕ್ಕೊಮ್ಮೆ" ಎಂಬ ತಲೆಬರಹಗಳ ಕೆಳಗೆ ಕೆಲಸದ ಹೆಸರು ಬರೆದರೆ ಸಾಕು. ಪೈಥಾನ್ ಬಳಸುವವರು ಹೆಚ್ಚಾಗಿ ಸೆಲರಿ ಹಿಡಿಯುತ್ತಾರೆ. ಹೌದು, ಸೊಪ್ಪಿನ ಹೆಸರೇ.

ಸೆಲರಿಯಲ್ಲಿ ಒಂದು ಒಳ್ಳೆಯ ಪದ್ಧತಿ ಕಣ್ಣಿಗೆ ಕಾಣುವಂತೆ ಇದೆ, ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ. ಗಂಟೆ ಬಾರಿಸುವವನೇ ಬೇರೆ, ದುಡಿಯುವವರೇ ಬೇರೆ. ಭತ್ತದ ನಾಟಿಗೆ ಬರುವ ಗುಂಪಿನ ಮೇಸ್ತ್ರಿ ಹೊಲಕ್ಕಿಳಿದು ಸಸಿ ನೆಡುವುದಿಲ್ಲ. ಬದುವಿನ ಮೇಲೆ ನಿಂತು "ನೀವು ಆ ಮಡಿಗೆ, ನೀವು ಈ ಮಡಿಗೆ" ಎನ್ನುತ್ತಾನೆ. ಸೆಲರಿಯಲ್ಲಿ ಆ ಮೇಸ್ತ್ರಿಯ ಹೆಸರು ಬೀಟ್. ಅವನು ಹೊತ್ತಿಗೆ ಸರಿಯಾಗಿ ಕೆಲಸದ ಚೀಟಿಯೊಂದನ್ನು ಸರದಿಗೆ ಹಾಕುತ್ತಾನೆ. ವರ್ಕರ್ ಎಂಬ ಆಳುಗಳು ಕೈ ಖಾಲಿಯಾದಂತೆ ಚೀಟಿ ಎತ್ತಿಕೊಂಡು ಮಾಡುತ್ತಾರೆ. ಮೇಸ್ತ್ರಿಯೇ ಸಸಿ ನೆಡಲು ಇಳಿದರೆ ಮುಂದಿನ ಗಂಟೆ ಬಾರಿಸುವವರಿರುವುದಿಲ್ಲ. ಆಳುಗಳು ಎಷ್ಟು ಹೆಚ್ಚಿದರೂ ತೊಂದರೆಯಿಲ್ಲ, ಮೇಸ್ತ್ರಿ ಮಾತ್ರ ಒಬ್ಬನೇ ಇರಬೇಕು. ಸೆಲರಿಯ ಕೈಪಿಡಿ ಇದನ್ನು ಎಚ್ಚರಿಕೆಯಾಗಿಯೇ ಬರೆದಿದೆ. ನಾನು ಅದನ್ನು ಓದಿದ್ದೆ. ಓದಿಯೂ ಬಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಸಹಕಾರ ಸಂಘವೊಂದಕ್ಕೆ ಕಂತಿನ ನೆನಪೋಲೆ ಕಳಿಸುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಗಡುವಿಗೆ ಮೂರು ದಿನ ಮುಂಚೆ ಬೆಳಿಗ್ಗೆ ಸದಸ್ಯರ ಫೋನಿಗೆ ಒಂದು ಸಂದೇಶ, ಅಷ್ಟೇ. ಸುಗ್ಗಿ ಹತ್ತಿರ ಬಂದಂತೆ ಜನ ಹೆಚ್ಚಾದರೆಂದು ಎರಡನೆಯ ಸರ್ವರ್ ಎಬ್ಬಿಸಿದೆ. ಮೊದಲನೆಯದರ ಪಡಿಯಚ್ಚು. ಪಡಿಯಚ್ಚಿನಲ್ಲಿ ಮೇಸ್ತ್ರಿಯೂ ಬಂದ. ಮರುದಿನ ಬೆಳಿಗ್ಗೆ ಎಲ್ಲರಿಗೂ ಎರಡೆರಡು ಸಂದೇಶ. ಸಂಘದವರಿಂದ ನನ್ನ ನಂಬರ್ ಪಡೆದ ಹಿರಿಯ ರೈತರೊಬ್ಬರು ಫೋನು ಹಚ್ಚಿದರು. "ತಮ್ಮಾ, ಸಾಲ ತಗೊಂಡಿದ್ದು ಒಂದ. ಎರಡು ಸಲ ಯಾಕ ಕೇಳಾಕತ್ತೀರಿ? ಒಮ್ಮೆ ಕಟ್ಟಿದ್ರ ಎರಡೂ ಮುಟ್ಟತಾವೇನು?" ನಾನು ನಕ್ಕು "ಇಲ್ಲ ಯಜಮಾನ್ರ, ಕಂಪ್ಯೂಟರಿನ ತಪ್ಪು" ಎಂದೆ. ಅವರು ನಗಲಿಲ್ಲ. "ಕಂಪ್ಯೂಟರ್ ತಪ್ಪು ಮಾಡಿದ್ರ ನೀ ಯಾತಕ್ಕಿದ್ದಿ?" ಎಂದು ಇಟ್ಟರು. ಆ ದಿನ ಎರಡನೆಯ ಮೇಸ್ತ್ರಿಯನ್ನು ಮನೆಗೆ ಕಳಿಸಿ ಸಮಸ್ಯೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಮತ್ತೊಂದು ದಿನ ಸಂದೇಶ ಕಳಿಸುವ ಕೆಲಸ ಅರ್ಧಕ್ಕೆ ಸತ್ತಿತು. ಮತ್ತೆ ಶುರು ಮಾಡಿದರೆ ಮೊದಲ ಅರ್ಧದವರಿಗೆ ಎರಡನೇ ಸಲ ಹೋಗುತ್ತದೆ, ಬಿಟ್ಟರೆ ಉಳಿದವರಿಗೆ ಹೋಗುವುದೇ ಇಲ್ಲ. ಯಾರಿಗೆ ಹೋಗಿದೆ ಯಾರಿಗಿಲ್ಲ ಎಂದು ನೋಡಲು ಎಲ್ಲೂ ಬರೆದೇ ಇರಲಿಲ್ಲ.

ಇದಕ್ಕೆ ದಾರಿ ಸಿಕ್ಕಿದ್ದು ಸೋದರಮಾವನ ಮನೆಯಲ್ಲಿ. ಅವರ ಹೊಲ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದಲ್ಲಿದೆ. ಮುನಿರಾಬಾದಿನಲ್ಲಿ ಹೊರಟ ನೀರು ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ನಾಲೆಯಲ್ಲಿ ಮೇಲ್ಭಾಗದವರ ಭತ್ತ ದಾಟಿ, ಉಪಕಾಲುವೆಗಳಲ್ಲಿ ಹಂಚಿಹೋಗಿ, ಹೊಲಗಾಲುವೆಗೆ ಇಳಿದು ಮಾವನ ಮಡಿ ಮುಟ್ಟಬೇಕು. ಹಂಗಾಮಿಗೆ ಮೊದಲು ನೀರಾವರಿ ಸಲಹಾ ಸಮಿತಿ ಕೂಡುತ್ತದೆ. ಊರ ಬಾಯಲ್ಲಿ ಅದು ಐಸಿಸಿ ಸಭೆ. ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂದು ಅಲ್ಲಿ ತೀರ್ಮಾನವಾಗುತ್ತದೆ. ನೀರು ಕಡಿಮೆ ಇರುವ ವರ್ಷ "ಆನ್ ಅಂಡ್ ಆಫ್", ಕೆಳಗೆ ಕಾಲುವೆಗಳಿಗೆ ವಾರಬಂದಿ. ಇದೂ ಒಂದು ಶೆಡ್ಯೂಲೇ, ನೋಡಿ. ಇಂತಿಂಥ ದಿನ ಇಂತಿಂಥ ತೂಬು ತೆರೆಯತಕ್ಕದ್ದು. ತೂಬು ತೆರೆಯುತ್ತದೆ ಕೂಡ. ಆದರೆ ಮೇಲೆ ಯಾರೋ ಪಂಪು ಇಟ್ಟಿರುತ್ತಾರೆ, ಎಲ್ಲೋ ಹೂಳು, ಎಲ್ಲೋ ಗೇಜು ಇಳಿದಿರುತ್ತದೆ. ಸರದಿಯ ದಿನ ಮುಗಿಯುತ್ತದೆ, ತೂಬು ಮುಚ್ಚುತ್ತದೆ, ಕಾಗದದ ಮೇಲೆ ಮಾವನ ಪಾಲು ಸಂದಿರುತ್ತದೆ. ಹೊಲಕ್ಕೆ ಮಾತ್ರ ನೀರು ಬಂದಿರುವುದಿಲ್ಲ.

ಮಾವ ಹಳೇ ಡೈರಿಯೊಂದನ್ನು ಇಟ್ಟಿದ್ದಾರೆ. ಅದರಲ್ಲಿ ಸರದಿಯ ದಿನಾಂಕಗಳಿಲ್ಲ. ನೀರು ಹೊಲ ಮುಟ್ಟಿದ ದಿನ, ಹೊತ್ತು, ನಿಂತ ಹೊತ್ತು, ಎಷ್ಟು ಮಡಿ ತುಂಬಿತು ಎಂಬುದಷ್ಟೇ ಇದೆ. ಕಚೇರಿಗೆ ಹೋದಾಗ ಅದನ್ನೇ ಬಿಚ್ಚಿಡುತ್ತಾರೆ. "ತೂಬು ತೆಗೆದದ್ದು ಅವರ ಲೆಕ್ಕ, ನೀರು ಮುಟ್ಟಿದ್ದು ನನ್ನ ಲೆಕ್ಕ" ಎಂದರು ಒಮ್ಮೆ ನನಗೆ ಅದನ್ನು ತೋರಿಸುತ್ತಾ. ನನ್ನ ಸಂದೇಶದ ವ್ಯವಸ್ಥೆಯಲ್ಲಿ ಇದ್ದದ್ದು ತೂಬಿನ ಲೆಕ್ಕ ಮಾತ್ರ. ಕ್ರಾನ್ ಆಗಲಿ ಬೀಟ್ ಆಗಲಿ "ಆರು ಗಂಟೆಗೆ ಕೆಲಸ ಶುರು ಮಾಡಿದೆ" ಎಂದು ಹೇಳಬಲ್ಲವು. ಕೆಲಸ ಮುಗಿಯಿತೇ, ಯಾರಿಗೆ ಮುಟ್ಟಿತು ಎಂಬುದು ಅವುಗಳಿಗೆ ಗೊತ್ತಿಲ್ಲ, ಗೊತ್ತಿರಬೇಕೆಂಬ ಹಂಗೂ ಅವುಗಳಿಗಿಲ್ಲ.

ಅಂದಿನಿಂದ ನಾನು ಬರೆಯುವ ಪ್ರತಿ ಆ್ಯಪ್‌ನ ಡೇಟಾಬೇಸಿನಲ್ಲಿ ಮಾವನ ಡೈರಿಯಂಥ ಒಂದು ಟೇಬಲ್ ಇರುತ್ತದೆ. ಕೆಲಸದ ಹೆಸರು, ಅದು ಯಾವ ದಿನಕ್ಕೆ ಸೇರಿದ್ದು, ಶುರುವಾದ ಹೊತ್ತು, ಮುಗಿದ ಹೊತ್ತು, ಏನಾಯಿತು. ಹೆಸರು ಮತ್ತು ದಿನ ಎರಡೂ ಒಂದೇ ಇರುವ ಎರಡು ಸಾಲು ಕೂಡದು ಎಂದು ಡೇಟಾಬೇಸಿಗೇ ಕಟ್ಟಪ್ಪಣೆ. ಗಂಟೆ ಬಾರಿಸಿದಾಗ ಕೆಲಸ ಮೊದಲು ತನ್ನ ಸಾಲು ಬರೆಯಲು ಹೋಗುತ್ತದೆ. ಆಗಲೇ ಯಾರೋ ಬರೆದಿದ್ದರೆ ತೆಪ್ಪಗೆ ಹಿಂದೆ ಸರಿಯುತ್ತದೆ. ಇಬ್ಬರು ಮೇಸ್ತ್ರಿಗಳು ಒಟ್ಟಿಗೇ ಕೂಗಿದರೂ ಕೆಲಸ ಒಂದೇ ಸಲ. ಸಾಲು ಇದ್ದು ಮುಗಿದ ಹೊತ್ತು ಖಾಲಿ ಉಳಿದಿದ್ದರೆ ಕೆಲಸ ನಡುವೆ ಸತ್ತಿದೆ ಎಂದರ್ಥ, ಅದನ್ನು ಮತ್ತೆ ಎಬ್ಬಿಸುವ ನಿರ್ಧಾರ ಬೇರೆ. ಸಂದೇಶಗಳಿಗೂ ಹೀಗೆಯೇ: ಇಂಥ ಸದಸ್ಯ, ಇಂಥ ಕಂತು, ಇಂಥ ನೆನಪೋಲೆ ಎಂದು ಒಬ್ಬೊಬ್ಬರಿಗೂ ಒಂದು ಸಾಲು. ಇಲ್ಲೊಂದು ಸಣ್ಣ ಬಿರುಕು ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಸಂದೇಶ ಹೋಗಿ, "ಹೋಯಿತು" ಎಂದು ಬರೆಯುವ ಮೊದಲೇ ಕರೆಂಟು ಹೋದರೆ? ಮೊದಲು ಬರೆದು ಆಮೇಲೆ ಕಳಿಸಿದರೆ ಕೆಲವೊಮ್ಮೆ ಯಾರಿಗೋ ಮುಟ್ಟದೆ ಉಳಿಯುತ್ತದೆ. ಮೊದಲು ಕಳಿಸಿ ಆಮೇಲೆ ಬರೆದರೆ ಕೆಲವೊಮ್ಮೆ ಎರಡು ಸಲ ಹೋಗುತ್ತದೆ. ಎರಡರಲ್ಲಿ ಯಾವ ತಪ್ಪು ಕಡಿಮೆ ನೋವಿನದು ಎಂದು ಕೆಲಸ ನೋಡಿ ಆರಿಸಬೇಕು. ನೆನಪೋಲೆ ಎರಡು ಸಲ ಹೋದರೆ ಬೈಗುಳ ತಿನ್ನಬಹುದು. ಖಾತೆಯಿಂದ ಹಣ ಎರಡು ಸಲ ಹೋದರೆ ತಿನ್ನುವುದು ಬೈಗುಳ ಮಾತ್ರ ಆಗಿರುವುದಿಲ್ಲ.

ಕರೆಂಟಿನ ಮಾತು ಬಂತು. ನಮ್ಮ ಕಡೆ ಎಷ್ಟೋ ಜನ ಅಂಗಡಿಯ ಮೂಲೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡಿರುತ್ತಾರೆ. ರಾತ್ರಿ ಎರಡಕ್ಕೆ ಬ್ಯಾಕಪ್ ಇಟ್ಟಿರುತ್ತಾರೆ, ಒಂಬತ್ತಕ್ಕೆ ಅಂಗಡಿ ಮುಚ್ಚಿ ಮೇನ್ ಸ್ವಿಚ್ಚೇ ಆರಿಸಿ ಮನೆಗೆ ಹೋಗುತ್ತಾರೆ. ಕ್ರಾನ್‌ಗೆ ಕಳೆದುಹೋದ ನಿಮಿಷದ ನೆನಪಿಲ್ಲ. ಬೆಳಿಗ್ಗೆ ಎದ್ದು "ರಾತ್ರಿ ಎರಡು ಗಂಟೆಯದು ತಪ್ಪಿತಲ್ಲ" ಎಂದು ಅದು ಮಿಡುಕುವುದಿಲ್ಲ. ಹೀಗೆ ಆಗಾಗ ಆರುವ ಯಂತ್ರಗಳಿಗೆಂದೇ ಅನಾಕ್ರಾನ್ ಎಂಬ ಅದರ ತಮ್ಮನಿದ್ದಾನೆ. ಕೊನೆಯ ಸಲ ಯಾವ ದಿನ ಮಾಡಿದೆ ಎಂದು ಬರೆದಿಟ್ಟುಕೊಂಡು, ತಪ್ಪಿದ್ದರೆ ಎದ್ದ ಮೇಲೆ ಮಾಡುತ್ತಾನೆ. ಆದರೆ ತಪ್ಪಿದ್ದನ್ನೆಲ್ಲ ಮಾಡಲೇಬೇಕೇ? ಇದಕ್ಕೆ ಯಾವ ಫ್ರೇಮ್‌ವರ್ಕೂ ಉತ್ತರ ಕೊಡಲಾರದು. ಮೂರು ದಿನ ಯಂತ್ರ ಆರಿತ್ತು ಎನ್ನಿ. ಎಪಿಎಂಸಿಯ ಭತ್ತದ ಧಾರಣೆ ಕಳಿಸುವ ಕೆಲಸವಾದರೆ ಮೊನ್ನೆಯ ಧಾರಣೆ ಇಂದು ಯಾರಿಗೂ ಬೇಡ, ಬಿಟ್ಟುಬಿಡಿ. ಸ್ಟಾಕಿನ ಪಟ್ಟಿಯಾದರೆ ಒಮ್ಮೆ ಕಳಿಸಿದರೆ ಸಾಕು, ಮೂರು ಪಟ್ಟಿ ಒಟ್ಟಿಗೆ ಬಂದರೆ ಅಂಗಡಿಯವರು ಮೂರನ್ನೂ ನೋಡುವುದಿಲ್ಲ. ದಿನದ ಬಡ್ಡಿ ಹಾಕುವ ಕೆಲಸವಾದರೆ ಮೂರು ದಿನದ್ದನ್ನೂ, ಒಂದೊಂದು ದಿನಕ್ಕೆ ಒಂದೊಂದರಂತೆ, ಆ ಆ ತಾರೀಖು ಹಾಕಿಯೇ ಮಾಡಬೇಕು. ಕೆಲಸದ ಒಳಗೆ "ಇಂದು" ಎಂದು ಗಡಿಯಾರ ನೋಡಿ ತಾರೀಖು ತೆಗೆದುಕೊಂಡಿದ್ದರೆ ಇದು ಸಾಧ್ಯವೇ ಇಲ್ಲ. ಯಾವ ದಿನದ ಕೆಲಸ ಎಂಬುದನ್ನು ಹೊರಗಿನಿಂದ ಕೈಗೆ ಕೊಡಬೇಕು. ನಾನು ನೋಡಿದ ಕೋಡಿನಲ್ಲಿ ಈ ಒಂದು ತಪ್ಪು ಬೇರೆಲ್ಲದಕ್ಕಿಂತ ಹೆಚ್ಚು.

ಎಲ್ಲ ಕೆಲಸಗಳನ್ನೂ ನಡುರಾತ್ರಿ ಹನ್ನೆರಡಕ್ಕೆ ಇಡುವ ಚಾಳಿಯೂ ಒಂದಿದೆ. ಹೊಲದಲ್ಲಿ ತ್ರೀ ಫೇಸ್ ಬಂದ ಕೂಡಲೇ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಬೇಕಿಲ್ಲ. ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್, ಎಲ್ಲವೂ ಒಮ್ಮೆಗೇ ಎದ್ದು ಟಿಸಿ, ಎಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಕೂರುತ್ತದೆ. ಸರ್ವರಿನ ಪಾಡೂ ಅದೇ. ಬ್ಯಾಕಪ್ಪನ್ನು ಹನ್ನೆರಡೂ ಹದಿನೇಳಕ್ಕೆ, ವರದಿಯನ್ನು ಒಂದೂ ನಲವತ್ತಕ್ಕೆ ಇಟ್ಟರೆ ಯಾರೂ ಬೇಡ ಎನ್ನುವುದಿಲ್ಲ. ಗಂಟೆಗೊಮ್ಮೆ ಮಾಡುವ ಕೆಲಸ ಎಪ್ಪತ್ತು ನಿಮಿಷ ಹಿಡಿಯತೊಡಗಿದರೆ ಒಂದರ ಬೆನ್ನ ಮೇಲೆ ಇನ್ನೊಂದು ಏರುತ್ತದೆ. ಅದಕ್ಕೆ ಲಾಕ್ ಹಾಕಬೇಕು, ಲಾರಾವೆಲ್‌ನಲ್ಲಿ ಒಂದು ಪದ ಸೇರಿಸಿದರೆ ಆಗುತ್ತದೆ. ಬೇರೆ ಕಡೆ ನಮ್ಮ ಡೈರಿ ಟೇಬಲ್ಲಿನಲ್ಲಿ ದಿನದ ಜೊತೆ ಗಂಟೆಯನ್ನೂ ಬರೆದು, ಹಿಂದಿನ ಸಾಲು ಮುಗಿದಿದೆಯೇ ಎಂದು ನೋಡಿದರೆ ಸಾಕು.

ಇನ್ನು ಗಡಿಯಾರಕ್ಕೇ ನಿಲುಕದ ಕೆಲಸಗಳು. ಮುದಗಲ್ಲಿನವನಾಗಿ ಇದನ್ನು ಹೇಳದೆ ಮುಗಿಸಲಾರೆ. ನಮ್ಮೂರ ಮೊಹರಂ ಸುತ್ತಲಿನ ಜಿಲ್ಲೆಗಳಿಗೆಲ್ಲ ಗೊತ್ತು. ಹುಸೇನಿ ಆಲಂ ದರ್ಗಾದ ಮುಂದೆ ಜಾತಿ ಧರ್ಮ ಕೇಳದೆ ಜನ ಸೇರುತ್ತಾರೆ, ಹರಕೆ ಹೊತ್ತು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ, ಒಂಬತ್ತನೆಯ ದಿನ ಕತ್ತಲ ರಾತ್ರಿ, ಹತ್ತಕ್ಕೆ ದಫನ್. ಆ ಎರಡು ದಿನ ಕಂತಿನ ಸಂದೇಶ ಹೋಗಬಾರದು ಎಂದು ಸಂಘದವರು ಕೇಳಿದ್ದರು, ನ್ಯಾಯವೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ 2024ರಲ್ಲಿ ಜುಲೈ 16, 17 ಎಂದು ಕೋಡಿನೊಳಗೇ ಬರೆದುಬಿಟ್ಟ. ಆ ವರ್ಷ ಸರಿಯಾಗಿಯೇ ಇತ್ತು. 2025ರಲ್ಲಿ ದಫನ್ ಜುಲೈ 6ಕ್ಕೆ ಬಿತ್ತು. ಕುಣಿಯ ಸುತ್ತ ಹೆಜ್ಜೆ ಹಾಕಿ ರಾತ್ರಿಯಿಡೀ ಎದ್ದವರ ಫೋನಿಗೆ ಬೆಳಿಗ್ಗೆ "ನಿಮ್ಮ ಕಂತು ಬಾಕಿ ಇದೆ" ಎಂದು ಬಂತು. ಹತ್ತು ದಿನ ಕಳೆದು, ಹಬ್ಬ ಮುಗಿದು ಎಲ್ಲರೂ ಮರೆತ ಮೇಲೆ, ಸಂದೇಶಕ್ಕೆ ಎರಡು ದಿನ ಸುಮ್ಮನೆ ರಜೆ.

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಮೊಹರಂ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತರಿಂದ ಹನ್ನೆರಡು ದಿನ ಹಿಂದೆ ಸರಿಯುತ್ತದೆ: 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಹೀಗೆ ಜಾರುತ್ತ ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಯುಗಾದಿಯೂ ಜಾರುತ್ತದೆ, ಆದರೆ ಅಧಿಕ ಮಾಸ ಅದನ್ನು ಹಿಡಿದು ಮತ್ತೆ ಮಾರ್ಚ್-ಏಪ್ರಿಲಿಗೆ ತಂದು ನಿಲ್ಲಿಸುತ್ತದೆ. ಯುಗಾದಿಯನ್ನಾದರೆ ಪಂಚಾಂಗ ನೋಡಿ ಹತ್ತು ವರ್ಷದ್ದು ಒಮ್ಮೆಗೇ ಬರೆದಿಡಬಹುದು. ಮೊಹರಂಗೆ ಅದೂ ಆಗದು. ಹಿಂದಿನ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಚಂದ್ರ ಕಂಡರೆ ನಾಳೆಯೇ ಒಂದನೇ ದಿನ, ಕಾಣದಿದ್ದರೆ ನಾಡಿದ್ದು. ಐದು ಮನೆಯ ಕ್ರಾನ್ ಸಾಲಿಗೆ ಇದನ್ನು ಹೇಳುವ ಬಗೆಯೇ ಇಲ್ಲ. ದಿನದಿನಕ್ಕೂ ಸೂರ್ಯನ ಜೊತೆ ಸರಿಯುವ ಆಜಾನ್‌ನ ಹೊತ್ತೂ ಹಾಗೆಯೇ.

ಇದಕ್ಕೆ ನಾವು ಮಾಡಿಕೊಂಡ ದಾರಿ ಸರಳ. ಕ್ರಾನ್‌ಗೆ ಒಂದೇ ಕೆಲಸ ಉಳಿಸಿದೆವು, ದಿನಾ ನಸುಕಿನಲ್ಲಿ ಒಮ್ಮೆ ಏಳುವುದು. ಎದ್ದ ಆ ಕೆಲಸ ಡೇಟಾಬೇಸಿನ ಪುಟ್ಟ ಪಂಚಾಂಗ ನೋಡಿ, ಇಂದು ಯಾವ ಕೆಲಸಗಳು ಯಾವ ಹೊತ್ತಿಗೆ ಆಗಬೇಕು ಎಂದು ಲೆಕ್ಕ ಹಾಕಿ, ಇಂದಿನ ಮಟ್ಟಿಗೆ ಮಾತ್ರ ಚೀಟಿಗಳನ್ನು ಸರದಿಗೆ ಹಾಕುತ್ತದೆ. ಪಂಚಾಂಗದಲ್ಲಿ ತಾರೀಖು ತುಂಬುವುದು ಸಂಘದ ಗುಮಾಸ್ತರು. ಚಂದ್ರ ಕಂಡ ಸುದ್ದಿ ದರ್ಗಾದಿಂದ ಊರಿಗೆ ಬರುವಷ್ಟರಲ್ಲಿ ಅವರು ಫೋನಿನಿಂದಲೇ ಒಂದು ಸಾಲು ಬದಲಿಸಿರುತ್ತಾರೆ. ಪ್ರೋಗ್ರಾಮರ್ ಬೇಕಿಲ್ಲ. ಗಡಿಯಾರಕ್ಕೆ ಗೊತ್ತಾಗದ್ದನ್ನು ಗೊತ್ತಿರುವ ಮನುಷ್ಯರಿಂದ ಕೇಳಿ ತಿಳಿಯುವುದರಲ್ಲಿ ಫ್ರೇಮ್‌ವರ್ಕಿಗೂ ಅವಮಾನವಿಲ್ಲ, ನಮಗೂ ಇಲ್ಲ. ಬರೆದಿಟ್ಟ ತಾರೀಖು ಕೈಕೊಡುವುದು ಹಬ್ಬದಲ್ಲಿ ಮಾತ್ರವಲ್ಲ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗಲೂ ಬರೆದಿಟ್ಟ ವೇಳಾಪಟ್ಟಿ ಕೆಲಸಕ್ಕೆ ಬಂದಿರಲಿಲ್ಲ, ಕೆಳಗಿನ ರೈತರ ಲೆಕ್ಕಾಚಾರವೆಲ್ಲ ಹೊಸದಾಗಿ ಶುರುವಾಗಿತ್ತು.

ಕೊನೆಯದಾಗಿ ಆ ಎರಡನೆಯ ಪತ್ರದ ವಾಕ್ಯ: "ಯಾವಾಗ ನಿಂತಿತೋ ಗೊತ್ತಿಲ್ಲ." ಪುಟ ತೆರೆಯದಿದ್ದರೆ ಗಿರಾಕಿ ಫೋನು ಮಾಡಿ ಬೈಯುತ್ತಾನೆ. ನಡೆಯದೆ ಉಳಿದ ಬ್ಯಾಕಪ್ ಬಗ್ಗೆ ಯಾರೂ ಬೈಯುವುದಿಲ್ಲ, ಡಿಸ್ಕ್ ಹೋಗುವ ದಿನದ ತನಕ. ಕೆಲಸ ತಪ್ಪಿದಾಗ ಸಂದೇಶ ಕಳಿಸು ಎಂದು ಆ ಕೆಲಸಕ್ಕೇ ಹೇಳಿ ಪ್ರಯೋಜನವಿಲ್ಲ. ಏಳದೇ ಇದ್ದದ್ದು "ನಾನು ಏಳಲಿಲ್ಲ" ಎಂದು ಹೇಳುವುದು ಹೇಗೆ? ನೋಡುವವರು ಬೇರೆ ಕಡೆ ಇರಬೇಕು. ಪ್ರತಿ ಸಲ ಮುಗಿದಾಗ ಕೆಲಸವು ಹೊರಗಿನ ಒಂದು ತಾಣವನ್ನು ತಟ್ಟಿ "ಮುಗಿಯಿತು" ಎನ್ನಬೇಕು. ತಟ್ಟುವುದು ತಪ್ಪಿದ ದಿನ ಆ ತಾಣ ನಿಮ್ಮನ್ನು ಎಬ್ಬಿಸಬೇಕು. ಇಂಥ ಸೇವೆಗಳು ಸಣ್ಣ ಪ್ರಮಾಣಕ್ಕೆ ಪುಕ್ಕಟೆಯಾಗಿಯೇ ಸಿಗುತ್ತವೆ. ಅದೂ ಬೇಡವೆಂದರೆ ಆ್ಯಪ್‌ನ ಮೊದಲ ಪುಟದ ಮೂಲೆಯಲ್ಲಿ "ಕೊನೆಯ ಬ್ಯಾಕಪ್: ನಿನ್ನೆ ರಾತ್ರಿ 12.17" ಎಂದು ಕಾಣುವಂತೆ ಮಾಡಿ. ದಿನಾ ನೋಡುವ ಕಣ್ಣಿಗೆ ತಾರೀಖು ಹಳೆಯದಾದದ್ದು ತಿಳಿಯುತ್ತದೆ.

ಸಿಂಧನೂರಿನ ಅಂಗಡಿಯವರಿಗೆ: ನಿಮ್ಮ ಹುಡುಗ ಹೇಳಿದ ಮೂರೂ ಸರಿ, ಎರಡನೆಯದನ್ನು ಹಿಡಿಯಲಿ. ಸರ್ವರ್ ವಿಶ್ವ ಸಮಯದಲ್ಲಿದ್ದರೆ ನಮ್ಮ ಬೆಳಗಿನ ಆರಕ್ಕೆ ಸಾಲು "30 0 * * *" ಎಂದಾಗುತ್ತದೆ. ಅದನ್ನು ಬರೆಯುವ ಮೊದಲು ಡೈರಿ ಟೇಬಲ್ ಮಾಡಿಕೊಳ್ಳಲಿ, ಒಂದು ವಾರ ನಡೆಸಲಿ, ನಡುವೆ ಒಮ್ಮೆ ಬೇಕೆಂದೇ ರಾತ್ರಿ ಮೇನ್ ಸ್ವಿಚ್ ಆರಿಸಿ ನೋಡಲಿ. ಆಮೇಲೆ ಆ ಟೇಬಲ್ಲಿನ ಫೋಟೋ ನನಗೆ ಕಳಿಸಿ. ಮುಗಿದ ಹೊತ್ತಿನ ಕಾಲಮ್ ಇಲ್ಲದಿದ್ದರೆ ಕಳಿಸಬೇಡಿ, ನಾನು ನೋಡುವುದಿಲ್ಲ.